ಬಾನಗೋಡೆಯ ಡಾಕ್ಟರ್

ಪಿಸ್ತೂಲಿನ ತುದಿ ಹಾಸ್ಕೆಲ್‌ನ ಹಣೆಗೆ ಒತ್ತಿತ್ತು!

ನನ್ನ ಪಿಸ್ತೂಲು ಕಾರಿನಲ್ಲಿತ್ತು. ಕಾರು ದೂರ...

ಬರ್ಬ್ಯಾಂಕ್ ಪಟ್ಟಣ. ಸ್ಟುಡಿಯೋ ಹಿಂದಿನ ಪಾರ್ಕಿಂಗ್. ಮಟಮಟ ಮಧ್ಯಾಹ್ನ.

"ಅಲುಗಾಡಬೇಡಿ ಡಾಕ್ಟರ್!" ಎಂದ ಮುದುಕ.

ಹಾಸ್ಕೆಲ್ ಡಾಕ್ಟರಲ್ಲ ಸ್ವಾಮಿ. ನಟ. 'ಬಾನಗೋಡೆ' ಎಂಬ ಬಾಹ್ಯಾಕಾಶದ ಚಿತ್ರದಲ್ಲಿ ಕ್ಷಿಪಣಿಗಳನ್ನು ಬಾನಲ್ಲೇ ಸುಡುವ ವಿಜ್ಞಾನಿ 'ಡಾಕ್ಟರ್' ಆಗಿದ್ದ. ಮುಂದೆ ಸರ್ಕಾರ ಅಂಥದ್ದೇ ರಕ್ಷಣಾ ಯೋಜನೆ ಘೋಷಿಸಿತು. ಅದರ ಹೆಸರು ಮಾರುದ್ದ. ಪತ್ರಿಕೆಯವರು ಗೇಲಿಗೆ 'ಬಾನಗೋಡೆ' ಎಂದರು. ಜನ ಗೇಲಿ ಮರೆತರು. ಹೆಸರು ಉಳಿಸಿಕೊಂಡರು.

ಯೋಜನೆಯ ಪರವಾದ ಸಮಿತಿಯೊಂದು ಹಾಸ್ಕೆಲ್‌ಗೆ ಮತ್ತೆ ಬಿಳಿ ಕೋಟು ತೊಡಿಸಿ ಟಿವಿ ಜಾಹೀರಾತು ಮಾಡಿತು. ಅವನನ್ನು ಕಾಯುವುದು ನನ್ನ ಕೆಲಸ.

ಕಾಯ್ದಿದ್ದೆ ನೋಡಿ...!

"ಯಾರಪ್ಪಾ ನೀನು?" ಎಂದೆ.

"ಮರ್ಲ್ ಸ್ಟ್ರೌಡ್. ನೀನು ಬಾಯ್ಮುಚ್ಚು, ದಾಂಡಿಗ!"

ಅವನು ಹಾಸ್ಕೆಲ್‌ನತ್ತ ತಿರುಗಿದ. ದನಿ ಒಡೆದಿತ್ತು.

"ಬಾಂಬಿಗೆ ಹೆದರಿ ಹಿತ್ತಲಲ್ಲಿ ನೆಲಮಾಳಿಗೆ ತೋಡಿದ್ದೆ. ಟಿವೀಲಿ ನೀವು, 'ಒಂದು ಕಿಡಿಯೂ ಕೆಳಗೆ ಬೀಳದು' ಅಂದ್ರಿ. ಕಾಂಕ್ರೀಟ್ ಸುರಿದು ಮುಚ್ಚಿಬಿಟ್ಟೆ. ಮೇಲೆ ಮೊಮ್ಮಗಳಿಗೆ ಉಯ್ಯಾಲೆ ಹಾಕಿದೀನಿ. ಈಗ ಪೇಪರ್‌ನೋರು ಬಾನಗೋಡೆ ಪರೀಕ್ಷೆ ಫೇಲ್ ಅಂತಾರೆ... ನೀವು ಕಟ್ಟಿದ್ದು ತಾನೇ? ನೀವೇ ಹೇಳಿ!"

"ಡೈಲಾಗ್ ಹೇಳೋ ಮಾರಾಯ," ನಾನು ಪಿಸುಗುಟ್ಟಿದೆ. "ಜೀವ ಉಳಿಯುತ್ತೆ!"

ಹಾಸ್ಕೆಲ್ ಟಿವಿಯ ದನಿ ತಂದುಕೊಂಡ.

"ಒಂದು ಕಿಡಿಯೂ... ಕೆಳಗೆ ಬೀಳದು."

ಮರ್ಲ್‌ನ ಮುಖ ಅರಳಿತು. ಕಣ್ಣು ತುಂಬಿತು. ಪಿಸ್ತೂಲು ಇಳಿಯಿತು.

ನಾನು ಉಸಿರುಬಿಟ್ಟೆ.

ಅವಸರಪಟ್ಟೆ!

"ಹಂಗಾದ್ರೆ ಈ ಗುಂಡೂ ತಾಗಲ್ಲ, ಅಲ್ವಾ?" ಪಿಸ್ತೂಲು ಮತ್ತೆ ಮೇಲೆದ್ದಿತು. "ನಿಮಗಲ್ಲ ಡಾಕ್ಟರ್. ನಿಮ್ಮ ತಲೆ ದೇಶಕ್ಕೆ ಬೇಕು. ಇವನ ಮೇಲೆ ನೋಡೋಣ."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ನಂಬಿಕೆ ಇತ್ತು. ಸಿಟ್ಟಿನ ಎದುರು ನಿಲ್ಲುವುದು ನನಗೆ ಗೊತ್ತು...

"ಬೇಡ!" ಹಾಸ್ಕೆಲ್ ಕಿರುಚಿದ. "ಎಲ್ಲ ಸುಳ್ಳು ಕಣಯ್ಯಾ! ಕ್ಷಿಪಣಿ ಸುಡೋ ಯಂತ್ರ ಅಂದ್ರೆ ಪ್ಲಾಸ್ಟಿಕ್ ಬೋಗುಣಿ, ಹಿಂದೆ ಒಂದು ಟಾರ್ಚು! ನಾನು ಬರೀ ನಟ!"

ಢಮ್!

ನಾನು ಕುಸಿದೆ. ಹೆಗಲಿಂದ ರಕ್ತ ಹರಿಯಿತು.

ಮರ್ಲ್ ಅದನ್ನೇ ನೋಡುತ್ತ ನಿಂತ. ಪಿಸ್ತೂಲು ಕೈಯಿಂದ ಜಾರಿತು. ಮೆಲ್ಲಗೆ ಕೇಳಿದ:

"ಕಾಂಕ್ರೀಟ್ ಒಡೆಯೋಕೆ... ಎಷ್ಟು ದಿನ ಬೇಕು?"

ಪೊಲೀಸರು ಬರುವವರೆಗೂ ಅವನು ನೆಲ ನೋಡುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಹೆಗಲು ಬಗೆಯುತ್ತಿದ್ದರು. ನಿಜವಾದ ಡಾಕ್ಟರು! ಗೋಡೆಯ ಟಿವಿಯಲ್ಲಿ ಬಿಳಿ ಕೋಟಿನ ಹಾಸ್ಕೆಲ್ ನಕ್ಕ.

"ಒಂದು ಕಿಡಿಯೂ ಕೆಳಗೆ ಬೀಳದು!"

ಗುಂಡು ತಟ್ಟೆಗೆ ಬಿತ್ತು. ಟಣ್!

ಸಮಿತಿಯವರನ್ನು ಕೇಳಿ... ಬಿದ್ದದ್ದು ಗುಂಡು, ಕಿಡಿಯಲ್ಲವಲ್ಲ ಎನ್ನುತ್ತಾರೆ.