ಹದಿನೇಳನೇ ಸಾಲಿನ ಅಪಶಕುನ

ಕೆಂಚ ಗೋಲ್ ಹೊಡೆಯದೆ ಒಂಬತ್ತು ಆಟಗಳಾಗಿದ್ದವು. ಆ ಮನುಷ್ಯ ಅವಳ ಪಕ್ಕದ ಸೀಟಿಗೆ ಬಂದು ಕೂರತೊಡಗಿಯೂ ಒಂಬತ್ತೇ ಆಟಗಳು. ಈ ಎರಡನ್ನೂ ಮೊದಲು ತಾಳೆ ಹಾಕಿದವನು ಚಿಕ್ಕಪ್ಪ.

ಚಿಕ್ಕಪ್ಪನದು ಕ್ಷೌರದ ಅಂಗಡಿ. ವಾರವೆಲ್ಲ ಬೇರೆಯವರ ತಲೆ ನೋಡಿಕೊಳ್ಳುತ್ತಿದ್ದವನು, ಭಾನುವಾರ ಮಧ್ಯಾಹ್ನ ಫುಟ್‌ಬಾಲ್ ಮೈದಾನದ ಹದಿನೇಳನೇ ಸಾಲಿನಲ್ಲಿ ಕೂತರೆ ತನ್ನ ತಲೆಯನ್ನು ಮನೆಯಲ್ಲಿಟ್ಟು ಬಂದವನಂತೆ ಆಡುತ್ತಿದ್ದ. ಕತ್ತಿಗೆ ಸುತ್ತಿದ ಮಫ್ಲರ್ ಮೂರು ವರ್ಷದಿಂದ ನೀರು ಕಂಡಿರಲಿಲ್ಲ. ಆಟ ಶುರುವಾಗುವ ಮುಂಚೆ ಫ್ಲಾಸ್ಕಿನ ಮುಚ್ಚಳ ತೆಗೆಯುವಂತಿರಲಿಲ್ಲ. ಅವಳ ಅಪ್ಪ ರಿಟೈರ್ಡ್ ಬಸ್ ಡ್ರೈವರ್, ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಗೇಟಿನೊಳಗೆ ಬಲಗಾಲಿಟ್ಟೇ ಬರುತ್ತಿದ್ದರು.

ಹೋದ ವರ್ಷ ಇದೇ ಕೆಂಚ ಇಪ್ಪತ್ತೆರಡು ಗೋಲ್ ಹೊಡೆದಿದ್ದ. ಈ ವರ್ಷ ಅವನು ಒದ್ದ ಚೆಂಡು ಕಂಬಕ್ಕೆ ಬಡಿಯುತ್ತಿತ್ತು, ಕೀಪರನ ಮೊಣಕಾಲಿಗೆ ತಾಗುತ್ತಿತ್ತು, ಒಂದು ಸಲವಂತೂ ರೆಫರಿಯ ಬೆನ್ನಿಗೇ ಹೋಗಿ ಬಿತ್ತು. ಅವನು ಕಾಲೆತ್ತಿದಾಗಲೆಲ್ಲ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಇದು ಈ ವರ್ಷ ಅಂಟಿಕೊಂಡ ಚಾಳಿ.

ಮೊದಲ ದಿನವೇ ಅವಳಿಗೆ ಆ ಮನುಷ್ಯನ ಮೇಲೆ ಅನುಮಾನ ಬಂದಿತ್ತು.

"ಅದು ಸೋಡಾ ತಾತನ ಸೀಟು," ಎಂದಿದ್ದಳು.

"ಗೊತ್ತು. ತಾತ ಮಗಳ ಊರಿಗೆ ಹೋದ್ರು. ಹೋಗೋವಾಗ ಸೀಟು ನನಗೆ ಬಿಟ್ಕೊಟ್ರು."

"ನಿಮಗೇ ಯಾಕೆ ಬಿಟ್ಕೊಟ್ರು?"

"ಅವರ ಬಿಲ್ಡಿಂಗಿನ ಲಿಫ್ಟ್ ರಿಪೇರಿ ಮಾಡ್ತಿದ್ದೆ. ಕೇಳಿದೆ, ಕೊಟ್ರು."

ಕೇಳಿ ಪಡೆದ ಸೀಟು. ಮೂವತ್ತು ಸಾವಿರ ಸೀಟುಗಳಿರುವ ಮೈದಾನದಲ್ಲಿ ಇದನ್ನೇ ಕೇಳುವಂಥದ್ದೇನಿತ್ತು? ಅದೂ ಅಲ್ಲದೆ ಲಿಫ್ಟಿನವನು ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕೆಂಚ ಒದೆಯುವ ಹೊತ್ತಿಗೆ ಸರಿಯಾಗಿ ಜೇಬಿನಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದು, ಓರೆಗಣ್ಣಿನಲ್ಲಿ ಅವಳ ಕಡೆ ನೋಡಿ, ಮೋಟು ಪೆನ್ಸಿಲ್ಲಿನಿಂದ ಏನೋ ಗೀಚಿ ಒಳಗಿಡುತ್ತಿದ್ದ. ಅವಳು ಬಗ್ಗಿದರೆ ಅಂಗೈ ಅಡ್ಡ ಹಿಡಿಯುತ್ತಿದ್ದ.

"ಎದುರು ಪಾರ್ಟಿಯವನೇ," ಎಂದು ಚಿಕ್ಕಪ್ಪ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಬರ್ಕೊಂಡು ಹೋಗಿ ಅಲ್ಲಿ ಕೊಡ್ತಾನೆ. ಇಲ್ಲಾಂದ್ರೆ ಅವನ ಕಾಲ್ಗುಣಾನೇ ಸರಿ ಇಲ್ಲ. ನೀನು ಮಾತಾಡ್ಸಿ ಬಾಯಿ ಬಿಡ್ಸು."

ಹೀಗೆ ಪತ್ತೇದಾರಿಕೆ ಅವಳ ತಲೆಗೆ ಬಿತ್ತು. ಅವಳೇನೂ ಬೇಡ ಅನ್ನಲಿಲ್ಲ.

ಅರ್ಧ ಆಟದ ಬಿಡುವಿನಲ್ಲಿ ಫ್ಲಾಸ್ಕಿನ ಟೀ ಬಗ್ಗಿಸಿ ಅವನಿಗೂ ಒಂದು ಲೋಟ ಕೊಟ್ಟಳು.

"ಮೊದಲು ಎಲ್ಲಿ ಕೂರ್ತಿದ್ರಿ?"

"ಅಲ್ಲಿ." ಮೈದಾನದ ಆಚೆ ಬದಿಯ ಸ್ಟ್ಯಾಂಡ್ ಕಡೆ ಗಲ್ಲ ತೋರಿಸಿದ.

"ಅಲ್ಲಿಂದ ಆಟ ಚೆನ್ನಾಗಿ ಕಾಣಲ್ವಾ?"

"ಆಟ ಚೆನ್ನಾಗೇ ಕಾಣತ್ತೆ."

"ಮತ್ತೆ ಯಾಕೆ ಬಿಟ್ಟು ಬಂದ್ರಿ?"

ಅವನು ಟೀ ಊದಿದ. "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು," ಎಂದು ನಕ್ಕ. ಆಗ ಅವಳು ಅವನ ಹಲ್ಲು ನೋಡಿದಳು. ಅದು ಅವಳ ಕಸುಬು. ದಂತ ವೈದ್ಯರು ಕಳಿಸುವ ಅಚ್ಚುಗಳಿಗೆ ಲ್ಯಾಬ್‌ನಲ್ಲಿ ಕೂತು ಹಲ್ಲು ಮಾಡಿಕೊಡುವವಳು ಅವಳು. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಹಲ್ಲು ಕಣ್ಣಿಗೆ ಬೀಳುತ್ತಿತ್ತು. ಅವನ ಕೆಳಸಾಲಿನ ಒಂದು ಹಲ್ಲು ಪಕ್ಕದ ಹಲ್ಲಿಗೆ ಒರಗಿಕೊಂಡಿತ್ತು. ಮಾರನೇ ದಿನ ಮೇಣದಲ್ಲಿ ಯಾರದೋ ಹಲ್ಲು ಕೆತ್ತುತ್ತ ಅದನ್ನೂ ಹಾಗೇ ಒರಗಿಸಿಬಿಟ್ಟಳು. ತನ್ನ ಕೈಕೆಲಸ ತಾನೇ ನೋಡಿ, ಮೇಣ ಕರಗಿಸಿ ಮತ್ತೆ ಕೆತ್ತಬೇಕಾಯಿತು.

ಆ ಸಿಟ್ಟೂ ಅವನ ಮೇಲೆಯೇ ಬಂತು.

ವರ್ಷದ ಕೊನೆಯ ಆಟಕ್ಕೆ ಮೂರು ದಿನ ಇತ್ತು. ಸೋತರೂ, ಸಮ ಮಾಡಿಕೊಂಡರೂ ಟೀಮು ಕೆಳಗಿನ ದರ್ಜೆಗೆ ಹೋಗುತ್ತಿತ್ತು. ಕೆಂಚನನ್ನು ಬೇರೆ ಊರಿಗೆ ಕಳಿಸಿಬಿಡುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಚಿಕ್ಕಪ್ಪ ಕಡೆಯ ತೀರ್ಪು ಕೊಟ್ಟ: "ಅವನಿಗೆ ಬರಬೇಡ ಅಂತ ಹೇಳು. ಒಂದೇ ಒಂದು ದಿನ. ನನಗೋಸ್ಕರ ಬೇಡ, ಕೆಂಚನಿಗೋಸ್ಕರ."

ಹೇಗೆ ಹೇಳುವುದು ಎಂದು ಅವಳು ಒದ್ದಾಡುತ್ತಿದ್ದಾಗ ಲಿಫ್ಟಿನವನೇ ಎದುರಾದ. ಗುರುವಾರ ಬೆಳಿಗ್ಗೆ ಲ್ಯಾಬ್ ಇದ್ದ ಬಿಲ್ಡಿಂಗಿನ ಲಿಫ್ಟಿನಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಒಂದು ತಿಂಗಳಲ್ಲಿ ಇದು ಮೂರನೇ ಸಲ. ಆ ಲಿಫ್ಟ್ ಕೆಟ್ಟಿದ್ದನ್ನು ಅವಳು ನೋಡಿರಲೇ ಇಲ್ಲ.

"ಎಷ್ಟನೇ ಮಹಡಿ?" ಎಂದು ಕೇಳಿದ, ಗೊತ್ತಿಲ್ಲದವನ ಹಾಗೆ.

"ನಾಲ್ಕು." ಬಾಗಿಲು ಮುಚ್ಚಿಕೊಂಡಿತು. ಎರಡನೇ ಮಹಡಿ ದಾಟಿದ ಮೇಲೆ ಒಂದೇ ಉಸಿರಿಗೆ ಹೇಳಿದಳು. "ಭಾನುವಾರ ನೀವು ಬರಬೇಡಿ. ನೀವು ಬಂದಾಗಿಂದ ಕೆಂಚ ಗೋಲ್ ಹೊಡ್ದಿಲ್ಲ. ನಮ್ಮ ಚಿಕ್ಕಪ್ಪ ಹಾಗಂತಾನೆ."

ಅವನು ಕೈ ಒರೆಸುವುದನ್ನು ನಿಲ್ಲಿಸಿದ. "ನಿಮಗೂ ಹಾಗೇ ಅನ್ಸತ್ತಾ?"

ಇಲ್ಲ ಎನ್ನಬೇಕಿತ್ತು. ಅವಳು ಮಹಡಿಯ ನಂಬರುಗಳನ್ನೇ ನೋಡುತ್ತ ನಿಂತಳು.

"ಸರಿ, ಬರಲ್ಲ," ಎಂದ ಅವನು. ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತಿತು.

ಇಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ, ಇದರಲ್ಲೂ ಏನೋ ಮಸಲತ್ತಿದೆ ಎಂದು ಅವಳ ಮನಸ್ಸು ದಿನವೆಲ್ಲ ಗುಟುರು ಹಾಕಿತು. ಸಂಜೆಯ ಹೊತ್ತಿಗೆ ಅದು ಅನುಮಾನವಲ್ಲ, ಬರೀ ಸಂಕಟ ಎಂದು ಗೊತ್ತಾಯಿತು.

ಭಾನುವಾರ ಪಕ್ಕದ ಸೀಟು ಖಾಲಿಯಿತ್ತು. ಚಿಕ್ಕಪ್ಪ ಅದರ ಮೇಲೆ ತನ್ನ ಟೋಪಿ ಇಟ್ಟು, ಇನ್ನು ನೋಡ್ತಿರು ಎಂಬಂತೆ ಕೈ ಉಜ್ಜಿಕೊಂಡ.

ನೋಡುವಂಥದ್ದೇನೂ ನಡೆಯಲಿಲ್ಲ. ಇಪ್ಪತ್ತನೇ ನಿಮಿಷದಲ್ಲಿ ಕೆಂಚ ಚೆಂಡನ್ನು ಮೇಲೆ ಹೊಡೆದ. ನಲವತ್ತರಲ್ಲಿ ಪಕ್ಕಕ್ಕೆ. ಅಪ್ಪ ಕಾಲಡಿ ಇಲ್ಲದ ಬ್ರೇಕನ್ನು ಒತ್ತಿದರು. ಎಪ್ಪತ್ತನೇ ನಿಮಿಷದಲ್ಲಿ ಕೀಪರ್ ಬಿದ್ದು ಗೋಲ್ ಖಾಲಿಯಿದ್ದಾಗಲೂ ಕೆಂಚ ಒದ್ದದ್ದು ಕಂಬಕ್ಕೆ ತಾಗಿತು. ಅವಳು ಕಣ್ಣು ಮುಚ್ಚಿದ್ದಳು. ಬಿಟ್ಟಾಗ, ಎಂದಿನಂತೆ, ಪಕ್ಕದವನು ಬರೆಯುತ್ತಿದ್ದಾನಾ ಎಂದು ತಿರುಗಿ ನೋಡಿದಳು. ಅಲ್ಲಿ ಟೋಪಿ ಇತ್ತು.

ಹಾಗಾದರೆ ಅವನ ತಪ್ಪೇನೂ ಇರಲಿಲ್ಲ. ಸುಮ್ಮನೆ ಒಬ್ಬ ಮನುಷ್ಯನನ್ನು ಅವನ ಸೀಟಿನಿಂದ ಎಬ್ಬಿಸಿ ಕಳಿಸಿದ್ದಳು.

ಅವಳು ಎದ್ದಳು.

"ಈಗ ಏಳಬೇಡ, ಕೂತ್ಕೋ," ಎಂದ ಚಿಕ್ಕಪ್ಪ ಗಾಬರಿಯಿಂದ. "ಸೀಟು ಬಿಟ್ರೆ ಕೆಲಸ ಕೆಡತ್ತೆ."

"ಕೆಡೋಕೆ ಇನ್ನೇನು ಉಳಿದಿದೆ ಚಿಕ್ಕಪ್ಪಾ," ಎಂದು ಮೊಣಕಾಲುಗಳನ್ನು ದಾಟಿಕೊಂಡು ಹೊರಟೇಬಿಟ್ಟಳು.

ಅವನ ಮನೆ ಎಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಗೇಟಿನ ಹೊರಗೆ, ಟಿಕೆಟ್ ಕೌಂಟರಿನ ಮೆಟ್ಟಿಲ ಮೇಲೆ, ಗೋಡೆಗೆ ಕಿವಿಗೊಟ್ಟು ಲಿಫ್ಟಿನವನು ಕೂತಿದ್ದ. ಮೊಣಕಾಲ ಮೇಲೆ ಆ ಪುಸ್ತಕ.

"ಇಲ್ಲೇನ್ ಮಾಡ್ತಿದೀರ?"

"ಒಳಗೆ ಬರಬೇಡಿ ಅಂದ್ರಿ. ಗೋಡೆ ಹತ್ರ ಬರಬೇಡಿ ಅಂದಿರ್ಲಿಲ್ಲ."

ಅವಳು ಇನ್ನೇನೂ ಕೇಳದೆ ಪುಸ್ತಕ ಕಿತ್ತುಕೊಂಡಳು. ಅವನು ಕೈ ಚಾಚಿದ, ಆಮೇಲೆ ಸುಮ್ಮನೆ ಬಿಟ್ಟುಬಿಟ್ಟ. ಅವನ ಕಿವಿ ಕೆಂಪಾಗಿತ್ತು.

ಒಂದನೇ ಆಟ. ಮೂರು ಸಲ ಒದ್ದ. ಮೂರು ಸಲವೂ ಅವಳು ಕಣ್ಣು ಮುಚ್ಚಿದಳು. ಗೋಲಿಲ್ಲ.

ಎರಡನೇ ಆಟ. ಕಣ್ಣು ಮುಚ್ಚಿದಳು. ಗೋಲಿಲ್ಲ.

ಐದನೇ ಆಟ. ಅವಳಿಗೆ ಶೀತ. ಕಣ್ಣು ಮುಚ್ಚಿ ಸೀನಿದಳು. ಗೋಲಿಲ್ಲ.

ಅವಳು ತಲೆಯೆತ್ತಿದಳು. "ಅಂದ್ರೆ ನೀವು ನನ್ನ ಮೇಲೆ ಅನುಮಾನ ಪಡ್ತಿದ್ರಾ?"

"ಮೊದಲನೇ ಆಟದಿಂದ," ಎಂದ ಅವನು ತಗ್ಗಿದ ದನಿಯಲ್ಲಿ. "ಹೋದ ವರ್ಷ ನೀವು ಕಣ್ಣು ಮುಚ್ತಿರ್ಲಿಲ್ಲ. ಆಚೆ ಸ್ಟ್ಯಾಂಡಿಂದ ನೋಡ್ತಿದ್ದೆ. ಕೆಂಚ ಗೋಲ್ ಹೊಡೆದ್ರೆ ನಿಮ್ಮಪ್ಪನ ಟೋಪಿ ಕಿತ್ತು ಮೇಲಕ್ಕೆ ಎಸೀತಿದ್ರಿ. ಆ ಟೋಪಿ ಹತ್ರದಿಂದ ನೋಡೋಣ ಅಂತಾನೇ ತಾತನ್ನ ಸೀಟು ಕೇಳಿದ್ದು. ನಾನು ಬಂದ್ಮೇಲೆ ಒಂದ್ಸಲಾನೂ ಹಾರ್ಲಿಲ್ಲ."

"ನನ್ನ ದೆಸೆಯಿಂದಾನೇ ಅವನು ಗೋಲ್ ಹೊಡೀತಿಲ್ಲ ಅಂತ ಅನ್ಸಿದ್ರೆ, ಕಣ್ಣು ಬಿಡಿ ಅಂತ ಹೇಳ್ಬಹುದಿತ್ತಲ್ಲ. ಇಲ್ಲಾಂದ್ರೆ ಎದ್ದು ಹೋಗ್ಬಹುದಿತ್ತು."

"ಹೇಳಿದ್ರೆ ನೀವು ಬೇಜಾರ್ ಮಾಡ್ಕೋತೀರ ಅಂತ ಹೇಳ್ಲಿಲ್ಲ." ಅವನು ಮೋಟು ಪೆನ್ಸಿಲ್ ತಿರುಗಿಸುತ್ತ ಕೂತ. "ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ. ಟೀಮು ಕೆಳಗೆ ಹೋಗ್ತಿದೆ, ನಾನು ಭಾನುವಾರ ಯಾವಾಗ ಬರತ್ತೆ ಅಂತ ಕಾಯ್ತಿದೀನಿ. ಇಂಥ ಅಭಿಮಾನಿ ಯಾವ ಟೀಮಿಗೂ ಬೇಡ."

ಹದಿನೇಳನೇ ಸಾಲಿನಲ್ಲಿ ಹುಟ್ಟಿ ಬೆಳೆದವಳಿಗೆ ಆ ಮಾತಿನ ತೂಕ ಗೊತ್ತಿತ್ತು. ಕೆಂಚನ ಗೋಲಿಗಿಂತ ತನ್ನ ಪಕ್ಕದ ಸೀಟು ಹೆಚ್ಚು ಎಂದು ಒಬ್ಬ ಹೇಳುತ್ತಿದ್ದ, ಅದೂ ತಪ್ಪೊಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿಕೊಂಡು. ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ನಮ್ಮ ಲ್ಯಾಬಿನ ಲಿಫ್ಟಿಗೆ ಏನಾಗಿದೆ?" ಎಂದು ಕೇಳಿದಳು.

"ಏನೂ ಆಗಿಲ್ಲ. ಚೆನ್ನಾಗಿದೆ."

"ನಂಗೊತ್ತಿತ್ತು."

ಆಗ ಗೋಡೆ ನಡುಗಿತು. ಮೂವತ್ತು ಸಾವಿರ ಗಂಟಲು ಒಟ್ಟಿಗೆ ಬಿಚ್ಚಿದವು, ಮೆಟ್ಟಿಲ ಕಲ್ಲು ಅವರ ಕೆಳಗೆ ಅದುರಿತು. ಮೈಕಿನವನು ಹೆಸರು ಹೇಳುವ ಮುಂಚೆಯೇ ಜನ ಕೂಗತೊಡಗಿದರು. ಕೆಂಚ, ಕೆಂಚ, ಕೆಂಚ. ಒಂಬತ್ತು ಆಟಗಳಿಂದ ಕಟ್ಟಿಕೊಂಡಿದ್ದದ್ದೆಲ್ಲ ಆ ಕೂಗಿನಲ್ಲಿತ್ತು. ಅವಳ ಕಣ್ಣಿಂದ ನೀರು ತಾನಾಗಿ ಇಳಿಯಿತು.

ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ತಲೆಯಲ್ಲೂ ಒಂದೇ ಅನುಮಾನ.

"ಗೇಟಿನವನು ಒಳಗೆ ಬಿಡ್ತಾನೆ," ಎಂದ ಅವನು. "ಇನ್ನೂ ಹತ್ತು ನಿಮಿಷ ಇದೆ."

"ಕೂತ್ಕೊಳ್ಳಿ ಸುಮ್ನೆ," ಎಂದು ಅವಳು ಅವನ ತೋಳು ಹಿಡಿದಳು. "ಅಲ್ಲಾಡಬೇಡಿ."

ಕೊನೆಯ ಸೀಟಿ ಊದುವವರೆಗೂ ಹಿಡಿದ ತೋಳನ್ನು ಅವಳು ಬಿಡಲಿಲ್ಲ. ಊದಿದ ಮೇಲೂ ಬಿಡಲಿಲ್ಲ.

ಒಂದು ಸೊನ್ನೆಯಿಂದ ಗೆದ್ದ ಜನ ಗೇಟಿನಿಂದ ಹೊರಗೆ ಹರಿದು ಬಂದರು. ಚಿಕ್ಕಪ್ಪ ಕೂಗಿ ಕೂಗಿ ಧ್ವನಿ ಕಳೆದುಕೊಂಡಿದ್ದ. ಮೆಟ್ಟಿಲ ಮೇಲೆ ಇಬ್ಬರನ್ನು ಕಂಡು ನಿಂತ. ಅವನ ಕಣ್ಣು ಅವಳ ಕೈಯಿಂದ ಲಿಫ್ಟಿನವನ ತೋಳಿಗೆ, ತೋಳಿನಿಂದ ಮೈದಾನದ ಗೋಡೆಗೆ ಹೋಗಿ ಬಂತು.

"ನೀನು ಯಾವಾಗ ಇಲ್ಲಿ ಬಂದು ಕೂತೆ?" ಎಂದು ಅವಳನ್ನು ಕೇಳಿದ.

"ಗೋಲಿಗೆ ಒಂದು ನಿಮಿಷ ಮುಂಚೆ."

ಚಿಕ್ಕಪ್ಪ ಮಫ್ಲರ್ ಸರಿಮಾಡಿಕೊಂಡು ಲಿಫ್ಟಿನವನ ಭುಜ ತಟ್ಟಿದ. "ಮುಂದಿನ ವರ್ಷ ಪೂರ್ತಿ ಇಬ್ರೂ ಇಲ್ಲೇ ಕೂತ್ಕೊಳ್ಳಿ. ಟೀ ನಾನು ಕಳಿಸ್ತೀನಿ."

ಹಿಂದೆಯೇ ಅಪ್ಪ ಬಂದರು. ಬಸ್ಸಿನಲ್ಲಿ ಮೂವತ್ತು ವರ್ಷ ಕನ್ನಡಿಯಲ್ಲೇ ಎಲ್ಲ ನೋಡಿದವರಿಗೆ ಮಗಳ ಮುಖ ಓದಲು ತಡವಾಗಲಿಲ್ಲ. ಅವರೇ ತಲೆ ಬಗ್ಗಿಸಿ ಟೋಪಿ ಮುಂದೆ ಮಾಡಿದರು. ಅವಳು ಅದನ್ನು ಕಿತ್ತು, ಎಷ್ಟು ದಿನದ ಬಾಕಿಯೋ ಅಷ್ಟೂ ಜೋರಿನಿಂದ ಮೇಲಕ್ಕೆಸೆದಳು. ಟೋಪಿ ಹಾರಿ ಟಿಕೆಟ್ ಕೌಂಟರಿನ ತಗಡಿನ ಮೇಲೆ ಹೋಗಿ ಕೂತಿತು.

"ಮೇಲೆ ಹೋಗಿ ಬರೋದು ನನ್ನ ಕೆಲಸಾನೇ," ಎಂದು ಲಿಫ್ಟಿನವನು ಅಂಗಿಯ ತೋಳು ಮಡಚಿ ಕಿಟಕಿಯ ಸರಳು ಹಿಡಿದು ಹತ್ತಿದ. ತಗಡು ಕಿರ್ರೆಂದಿತು. ಒಂದು ಕಾಲು ಜಾರಿ ಗಾಳಿಯಲ್ಲಿ ತೂಗಾಡಿತು. ಅವಳ ರೆಪ್ಪೆ ಎಂದಿನಂತೆ ಕೆಳಗಿಳಿಯಲು ಬಂತು.

ಅವಳು ಕಣ್ಣು ಮುಚ್ಚಲಿಲ್ಲ. ಅವನು ಟೋಪಿ ಹಿಡಿದು ಕೆಳಗಿಳಿದು ತನ್ನ ಎದುರು ಬಂದು ನಿಲ್ಲುವವರೆಗೂ ನೋಡುತ್ತಲೇ ಇದ್ದಳು.