ಮೇಷ್ಟ್ರ ಗೋರಿಯಿಂದ ಅಳಿಸಿದ ಬಿರುದು

2011ರ ಜೂನ್ 14, ಮಂಗಳವಾರ. ಬೆಳಗಿನ ಎಂಟೂ ಇಪ್ಪತ್ತಕ್ಕೆ ಕುವಾಲಾ ಮೆರಂತಿ ಪೊಲೀಸ್ ಠಾಣೆಗೆ ಶಮ್ಸುರಿ ಬಿನ್ ಸಬ್ರಾನ್ ಎಂಬ ಲಾರಿ ಮಾಲೀಕ ದೂರು ತಂದ. ತನ್ನ ತಂದೆಯ ಗೋರಿಕಲ್ಲಿನಿಂದ ಯಾರೋ ‘ದಾತೋ’ ಎಂಬ ಪದವನ್ನು ಕೆತ್ತಿ ತೆಗೆದಿದ್ದಾರೆ ಎಂಬುದು ದೂರು. ಆ ಸೀಮೆಯ ಸುಲ್ತಾನರ ಹುಟ್ಟುಹಬ್ಬದ ದಿನ ಅರಮನೆ ಕೊಡುವ ಬಿರುದು ಅದು. ಒಮ್ಮೆ ಬಂದರೆ ಹೆಸರಿನ ಮುಂದೆ ಕೂರುತ್ತದೆ, ಹೆಂಡತಿಯನ್ನು ‘ದಾತಿನ್’ ಮಾಡುತ್ತದೆ, ಸತ್ತ ಮೇಲೆ ಕಲ್ಲಿಗೂ ಏರುತ್ತದೆ.

ಇನ್ಸ್‌ಪೆಕ್ಟರ್ ಬಹ್ರೂಮ್ ಒಂಬತ್ತಕ್ಕೆ ಠಾಣೆಗೆ ಬರುವಷ್ಟರಲ್ಲಿ ಎಫ್‌ಐಆರ್ ದಾಖಲಾಗಿತ್ತು. ಆರೋಪಿಯೂ ಲಾಕಪ್ಪಿನಲ್ಲಿದ್ದ.

“ಇವನ್ಯಾರು?”

“ಮೀನು ಮಾರೋ ಸೆಮಾನ್ ಸರ್,” ಎಂದಳು ಕಾನ್‌ಸ್ಟೇಬಲ್ ಸುರಿಯಾನಿ, ಅವರ ಮುಖ ನೋಡದೆ. “ದೂರು ಕೊಟ್ಟೋರು ಅವನ ಹೆಸರು ಹೇಳಿದ್ರು. ಬೆಳಗಾಗುತ್ಲೇ ಮೇಲಿನಿಂದ ಫೋನೂ ಬಂದಿತ್ತು.”

“ಏನಂತ?”

“ದಾತೋ ಅವರ ಮಗ ದೂರು ತರ್ತಾರೆ, ತಡ ಮಾಡ್ಬೇಡಿ ಅಂತ.”

ಬಹ್ರೂಮ್ ಟೋಪಿಯನ್ನು ಮೇಜಿನ ಮೇಲೆ ಕುಕ್ಕಿದರು. ಹಿಂದಿನ ತಿಂಗಳು ಇದೇ ಸೆಮಾನ್ ತನ್ನ ತಕ್ಕಡಿ ಕಳುವಾಯಿತೆಂದು ಬಂದಾಗ ಅವನನ್ನು ಎರಡು ದಿನ ಬೆಂಚಿನ ಮೇಲೆ ಕೂರಿಸಿದ್ದ ಠಾಣೆ ಇದು.

ಶಮ್ಸುರಿ ಇನ್ನೂ ಅಲ್ಲೇ ಇದ್ದ. ಇನ್ಸ್‌ಪೆಕ್ಟರ್ ಕೂರಲಿಲ್ಲ.

“ಸೆಮಾನ್ ಮೇಲೆ ಯಾಕೆ ಅನುಮಾನ?”

“ಗುಡ್ಡ ಕುಸಿದಾಗ ಅವನ ಮಗಳು ಸತ್ತಳು. ಅವತ್ತಿಂದ ಬಿರುದು ಸಿಕ್ಕೋರನ್ನ ಕಂಡ್ರೆ ಸಂತೇಲಿ ನಿಂತು ಬಯ್ತಾನೆ.”

“ನಿಮ್ಮ ತಂದೆಯವರನ್ನ ಬೈದಿದ್ನಾ?”

“ಅಪ್ಪನ್ನಲ್ಲ.”

“ಕಲ್ಲು ಸರಿಯಾಗಿದ್ದದ್ದನ್ನ ಕೊನೆಗೆ ನೋಡಿದ್ದು ಯಾವಾಗ?”

“ಶನಿವಾರ ಬೆಳಿಗ್ಗೆ. ಫೋಟೋ ತೆಗೆಸಿದೀನಿ.”

ಆ ಗುಡ್ಡವನ್ನು ಊರಿನಲ್ಲಿ ಯಾರೂ ಮರೆತಿರಲಿಲ್ಲ. 2008ರ ನವೆಂಬರಿನಲ್ಲಿ ಕಲ್ಲುಕ್ವಾರಿಯವರು ಶಾಲೆಯ ಬೆನ್ನಿಗಿದ್ದ ಗುಡ್ಡದ ಬುಡವನ್ನೇ ಸಿಡಿಸಿದ್ದರು. ಮಣ್ಣು ತರಗತಿಯ ಮೇಲೆ ಬಂತು. ಶಮ್ಸುರಿಯ ತಂದೆ ಸಬ್ರಾನ್ ಮೇಷ್ಟ್ರು ಬರಿಗೈಯಲ್ಲಿ ತೋಡಿ ಹದಿನಾಲ್ಕು ಮಕ್ಕಳನ್ನು ಹೊರಗೆಳೆದರು. ಇನ್ನೂ ಏಳು ಮಕ್ಕಳು ಸಿಕ್ಕಾಗ ಉಸಿರಿರಲಿಲ್ಲ. ಮರುವರ್ಷದ ಪಟ್ಟಿಯಲ್ಲಿ ಮೇಷ್ಟ್ರಿಗೆ ದಾತೋ ಬಂತು. ಅದೇ ಪಟ್ಟಿಯಲ್ಲಿ, ಅವರಿಗಿಂತ ಎರಡು ಮೆಟ್ಟಿಲು ಮೇಲೆ, ಕ್ವಾರಿ ಮಾಲೀಕ ರಹ್ಮಾತನಿಗೆ ದಾತೋ ಶ್ರೀ ಬಂತು. ಅವನು ಸಮಾಜಸೇವಕನಂತೆ. ಗುಡ್ಡ ಕುಸಿದದ್ದಕ್ಕೆ ಕಾರಣ ಮಳೆ ಎಂದು ವರದಿಯಾಗಿತ್ತು.

ಹತ್ತೂವರೆಗೆ ಬಹ್ರೂಮ್, ಸುರಿಯಾನಿ ಮತ್ತು ಇಬ್ಬರು ಪಂಚರು ಮಸೀದಿಯ ಹಿಂದಿನ ಖಬರಸ್ಥಾನಕ್ಕೆ ಹೋದರು. ಸಂಪಿಗೆಯ ಹಾಗೆ ಬಿಳಿ ಹೂ ಬಿಡುವ ಮರಗಳ ಕೆಳಗೆ ಕಲ್ಲು ಹೊಸದಾಗಿ ಹೊಳೆಯುತ್ತಿತ್ತು. ಮೃದುವಾದ ಸುಣ್ಣಕಲ್ಲು, ಉಬ್ಬು ಅಕ್ಷರ. ಮೇಲಿನ ಕುರಾನ್ ವಾಕ್ಯಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹೆಸರಿಗೂ ಬಿದ್ದಿರಲಿಲ್ಲ. ಹೋಗಿದ್ದದ್ದು ಒಂದೇ ಪದ. ಆ ಜಾಗಕ್ಕೆ ಏನನ್ನೋ ಬಳಿದು ನಯ ಮಾಡಿದ್ದರು. ಗೋರಿಯ ಸುತ್ತ ಕಳೆ ಕಿತ್ತಿದ್ದರು. ಹಿಂದಿನ ದಿನದ ಹೂವೆಸಳು ಇನ್ನೂ ಬಾಡಿರಲಿಲ್ಲ.

“ಹಗೆ ಸಾಧಿಸೋನು ಕಳೆ ಕೀಳ್ತಾನೇನಮ್ಮ?” ಎಂದರು ಬಹ್ರೂಮ್.

ಸುರಿಯಾನಿ ಬಳಿದದ್ದನ್ನು ಉಗುರಿನಿಂದ ಕೆರೆದು ಮೂಸಿದಳು. “ಸರ್, ಇದು ಸಿಮೆಂಟಲ್ಲ. ಎಲೆಗೆ ಹಚ್ಚೋ ಸುಣ್ಣ. ಲವಂಗದ ವಾಸನೆ ಬರ್ತಿದೆ, ನಮ್ಮಜ್ಜಿ ಡಬ್ಬಿ ಥರ.”

ಉಳಿಯ ಗುರುತುಗಳನ್ನು ಅಳೆದರು. ಒಂದೊಂದೂ ಕಿರುಬೆರಳಿನ ಉಗುರಿನಷ್ಟೇ ಅಗಲ. ಏಟು ಹಗುರ, ಆದರೆ ನೂರಾರು. ಒಂದು ಕಡೆ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು, ಇನ್ನೊಂದು ಕಡೆ ಹಸಿಯಾಗಿತ್ತು. ಒಂದೇ ದಿನದ ಕೆಲಸವಲ್ಲ. ಪಂಚನಾಮೆ ಮುಗಿದಾಗ ಹನ್ನೊಂದೂ ನಲವತ್ತು.

ಕಾವಲುಗಾರ ದೋಲಾ ಚಾಚಾ ಪೊರಕೆ ಹಿಡಿದು ದೂರದಲ್ಲೇ ನಿಂತಿದ್ದ.

“ಶನಿವಾರದಿಂದ ಇಲ್ಲಿಗೆ ಯಾರ್ಯಾರು ಬಂದ್ರು?”

“ಸತ್ತೋರನ್ನ ಬಿಟ್ರೆ ಯಾರೂ ಇಲ್ಲ ಸಾಹೇಬ್ರೆ.”

“ಚಾಚಾ, ತಮಾಷೆ ಸಾಕು.”

“ಮೇಷ್ಟ್ರ ಹೆಂಡ್ತಿ ದಿನಾ ಸಂಜೆ ಬರ್ತಾರೆ. ಕುರಾನ್ ಓದ್ಕೊಂಡು ಹೋಗ್ತಾರೆ. ಪಾಪ, ಮಂಡಿ ನೋವು. ನಾನೇ ಮಣೆ ಕೊಟ್ಟೆ. ಮೊನ್ನೆ ಬಿಸಿಲಿತ್ತು ಅಂತ ಕೊಡೆನೂ ಕಟ್ಟಿಕೊಟ್ಟೆ.”

“ಸೆಮಾನ್?”

“ಅವ್ನು ಇಲ್ಲಿಗೆ ಬಂದ್ರೆ ಮಗಳ ಹತ್ರ ಹೋಗಿ ಅಳ್ತಾನೆ. ಬೇರೆ ಕೆಲಸಕ್ಕೆ ಅವ್ನಿಗೆ ಪುರಸೊತ್ತೆಲ್ಲಿ?”

ಹನ್ನೆರಡೂವರೆಗೆ ದೋಣಿ ನಿಲ್ಲುವ ಜೆಟ್ಟಿಗೆ ಹೋಗಿ ಅಲ್ಲಿನ ಹಾಜರಿ ಪುಸ್ತಕ ತೆರೆಸಿದರು. ಸೆಮಾನ್ ಹತ್ತಿದ ದೋಣಿ ಶುಕ್ರವಾರ ಸಂಜೆ ಹೊರಟು ಮಂಗಳವಾರ ಬೆಳಗಿನ ಆರಕ್ಕೆ ಮರಳಿತ್ತು. ಅವನನ್ನು ಹಿಡಿದದ್ದು ಏಳಕ್ಕೆ, ಮೀನಿನ ಬುಟ್ಟಿ ಇಳಿಸುವಾಗ. ದೂರು ದಾಖಲಾಗುವ ಮೊದಲೇ! ಬುಟ್ಟಿಗಳು ಅಲ್ಲೇ ಬಿಸಿಲಿಗೆ ಕೊಳೆತಿದ್ದವು. ಬಹ್ರೂಮ್ ಪುಸ್ತಕವನ್ನು ಪಟ್ಟನೆ ಮುಚ್ಚಿದರು.

“ಸತ್ಯ ಇಲ್ಲೇ ಬಿದ್ದಿತ್ತು, ಕಾಲುಗಂಟೆ ದಾರಿ,” ಎಂದರು. “ಯಾರೂ ಬಂದು ನೋಡ್ಲಿಲ್ಲ. ಯಾಕೆ ನೋಡ್ಬೇಕು? ಮೀನಿನವನಲ್ವಾ!”

ಒಂದಕ್ಕೆ ಸೆಮಾನನನ್ನು ಬಿಟ್ಟರು. ಅವನು ಬೈಯಲಿಲ್ಲ. “ಅಂಗಿಗೆ ಮೀನಿನ ವಾಸನೆ ಇದೆ, ನಿಮ್ಮ ಕೋಣೆ ಕೆಟ್ಟಿರ್ಬೇಕು,” ಎಂದಷ್ಟೇ ಹೇಳಿದ. ಲಾಕಪ್ಪಿನ ಕಾವಲಿನ ಪೇದೆ ತನ್ನ ಊಟದ ಪೊಟ್ಟಣವನ್ನು ಅವನ ಕೈಗಿಟ್ಟು ಮುಖ ತಿರುಗಿಸಿಕೊಂಡ.

ಇನ್ನು ಸುಣ್ಣದ ಜಾಡು. ಸಂತೆಯಲ್ಲಿ ವೀಳ್ಯದೆಲೆ ಮಾರುವವಳು ಒಬ್ಬಳೇ, ಮಿನಾ.

“ಈ ಊರಲ್ಲಿ ಈಗ ಎಲೆ ಹಾಕೋರು ಎಷ್ಟು ಜನ?”

“ನಾಲ್ಕೇ ಜನ ಸಾರ್. ಉಳಿದೋರೆಲ್ಲ ಸಿಗರೇಟಿಗೆ ಬಡ್ತಿ ಆದ್ರು.”

“ಹಲ್ಲಿಲ್ಲದೋರು?”

“ಇಬ್ರು. ಒಬ್ಬಳು ಹಾಸಿಗೆ ಹಿಡಿದಿದಾಳೆ. ಇನ್ನೊಬ್ರು ಮೇಷ್ಟ್ರ ಹೆಂಡ್ತಿ ಕಲ್ಸೋಮಮ್ಮ. ತಿಂಗಳಿಗೊಂದು ಡಬ್ಬಿ ಸುಣ್ಣ ಸಾಕಿತ್ತು ಅವರಿಗೆ. ಹೋದ ವಾರ ಎರಡು ತಗೊಂಡ್ರು. ಬಾಯಿ ಸುಡುತ್ತಮ್ಮ ಅಂದೆ. ನಕ್ಕರು.”

ಹಲ್ಲಿಲ್ಲದವರು ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಜಜ್ಜುತ್ತಾರೆ. ಆ ಊರಿನ ಕುಟ್ಟಾಣಿ ಎಂದರೆ ಹಿತ್ತಾಳೆಯ ಕೊಳವೆ, ಒಳಗೊಂದು ಕಬ್ಬಿಣದ ಸರಳು, ಸರಳಿನ ತುದಿಗೆ ಉಳಿಯಂಥ ಅಲಗು. ಅದು ಕಿರುಬೆರಳಿನ ಉಗುರಿನಷ್ಟು ಅಗಲ. ಬಹ್ರೂಮ್ ಸುರಿಯಾನಿಯನ್ನು ಕರೆದುಕೊಂಡು ಜೀಪು ಹತ್ತಿದರು.

ಮೂರೂ ಹತ್ತಕ್ಕೆ ಅವರು ಕಂಬಗಳ ಮೇಲೆ ನಿಂತ ಮೇಷ್ಟ್ರ ಮರದ ಮನೆಯ ಮೆಟ್ಟಿಲು ಹತ್ತಿದಾಗ ಕಲ್ಸೋಮಮ್ಮ ಚಾಪೆಯ ಮೇಲೆ ಕೂತಿದ್ದರು. ಎಪ್ಪತ್ತಮೂರು ವರ್ಷ. ಪಕ್ಕದಲ್ಲಿ ಬಟ್ಟೆಯ ಗಂಟು, ಮುಂದೆ ಕುಟ್ಟಾಣಿ. ಒಳಗಿಂದ ಶಮ್ಸುರಿ ಧಾವಿಸಿ ಬಂದ.

“ಅಮ್ಮನ್ನ ಯಾಕೆ ಕೇಳ್ತೀರಿ? ದಾತಿನ್ ಅವರಿಗೆ ಹುಷಾರಿಲ್ಲ.”

“ದಾತಿನ್ ಅಂತೆ! ನಿನ್ನ ಹೆತ್ತಾಗ ನಾನು ದಾತಿನ್ ಆಗಿದ್ನೇನೋ?” ಎಂದರು ಮುದುಕಿ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ಕೂತ್ಕೊಳಪ್ಪಾ. ಬೆಳಗಿಂದ ಕಾಯ್ತಿದೀನಿ.”

“ಕಲ್ಲು ಕೆತ್ತಿದ್ದು ನೀವೇನಮ್ಮ?”

“ನಾನೇ. ಮೂರು ಸಂಜೆ ಹಿಡೀತು.”

“ಠಾಣೆಗೆ ಬಂದು ಹೇಳ್ಬಹುದಿತ್ತಲ್ಲ?”

“ನಾನಾಗೇ ಬಂದಿದ್ರೆ ಮುದುಕಿಗೆ ಅರಳುಮರಳು ಅಂತ ಟೀ ಕುಡಿಸಿ ಮನೆಗೆ ಕಳಿಸ್ತಿದ್ರಿ. ನೀವು ಹುಡುಕಿ ಬಂದ್ರೆ ಕೇಸಾಗುತ್ತೆ.”

“ಬೆಳಿಗ್ಗೆ ಸೆಮಾನನ್ನ ಹಿಡಿದು ತಂದಿದ್ರು.”

ಮುದುಕಿಯ ಮುಖ ಬಿಳಿಚಿತು. ಮಗನನ್ನು ನೋಡಿದರು. “ನೀನೇನಾ ಹೇಳಿದ್ದು? ಆ ಮಗೂನ ಮಣ್ಣಿಂದ ತೆಗೆದು ಅವನ ಕೈಗೆ ಕೊಟ್ಟಿದ್ದು ನಿಮ್ಮಪ್ಪ ಕಣೋ! ಅವನನ್ನೇ ಲಾಕಪ್ಪಿಗೆ ಕಳಿಸಿದ್ಯಾ?”

ಮುದುಕಿ ಪಕ್ಕದ ಗಂಟು ಬಿಚ್ಚಿದರು. ಒಳಗೆ ನೀಲಿ ಮಖಮಲ್ಲಿನ ಪೆಟ್ಟಿಗೆ. ಬೆಳ್ಳಿ ನಕ್ಷತ್ರ, ಮಡಿಸಿದ ರೇಷ್ಮೆ ಪಟ್ಟಿ, ಮೊಹರಿನ ಸನ್ನದು. ಅವುಗಳ ಮೇಲೆ ಒಂದು ಲಕೋಟೆ, ಅಂಟು ಬಿಚ್ಚಿರದದ್ದು. ಮೇಲೆ ಮೇಷ್ಟ್ರ ದುಂಡಕ್ಷರದಲ್ಲಿ ಅರಮನೆಯ ಕಾರ್ಯದರ್ಶಿಯ ವಿಳಾಸ.

“ಅವತ್ತು ಅರಮನೇಲಿ ಇವರಿಗಿಂತ ಮೊದಲು ಆ ರಹ್ಮಾತ್ ಹೋಗಿ ಬಿರುದು ತಗೊಂಡ. ಇವರೂ ತಗೊಂಡ್ರು, ಸುಲ್ತಾನರಿಗೆ ಬೆನ್ನು ತೋರಿಸ್ದೆ ಏಳು ಹೆಜ್ಜೆ ಹಿಂದಕ್ಕೆ ನಡೆದು ಬಂದ್ರು. ‘ಒಂದೊಂದು ಹೆಜ್ಜೆಗೂ ಒಂದೊಂದು ಮಗು ನೆನಪಾಯ್ತು’ ಅಂತ ಕಾರಲ್ಲಿ ಹೇಳಿದ್ರು. ಮನೆಗೆ ಬಂದು ಈ ಕಾಗದ ಬರೆದು, ಪೆಟ್ಟಿಗೇನ ಇವನ ಕೈಗೆ ಕೊಟ್ರು. ವಾಪಸ್ ಕೊಟ್ಟು ಬಾ ಅಂತ. ಕೊಟ್ಟು ಬಂದೆ ಅಂದ. ಅವರು ಅದನ್ನ ನಂಬ್ಕೊಂಡೇ ಕಣ್ಣು ಮುಚ್ಚಿದ್ರು.”

“ಯಾವಾಗ ಸಿಕ್ತು ಇದು?”

“ಅವರು ಹೋದ ನಲವತ್ತನೇ ದಿನದ ಊಟಕ್ಕೆ ಚಾಪೆ ಹುಡುಕ್ತಿದ್ದೆ. ಇವನ ಬೀರುವಿನಲ್ಲಿತ್ತು.”

“ಸರ್, ಅಪ್ಪ ಸಿಟ್ಟಲ್ಲಿ ಬರೆದಿದ್ರು,” ಎಂದ ಶಮ್ಸುರಿ. “ಅರಮನೆ ಕೊಟ್ಟದ್ದನ್ನ ಯಾರಾದ್ರೂ ಹಿಂದಕ್ಕೆ ಕೊಡ್ತಾರಾ? ಮನೆತನದ ಮಾನ ಉಳಿಸಿದೆ.”

“ನಿಮ್ಮ ಲಾರಿಗಳು ಎಲ್ಲಿ ಓಡ್ತಿವೆ?”

ಊರಿಗೆಲ್ಲ ಗೊತ್ತಿತ್ತು. ಅವು ರಹ್ಮಾತನ ಕ್ವಾರಿಯ ಜಲ್ಲಿ ಸಾಗಿಸುತ್ತಿದ್ದವು. ಕ್ವಾರಿಯ ಸಮಾರಂಭಗಳಲ್ಲಿ, ಮಕ್ಕಳನ್ನು ತೋಡಿ ತೆಗೆದ ಮೇಷ್ಟ್ರ ಹೆಂಡತಿ ಮುಂದಿನ ಸಾಲಿನಲ್ಲಿ, ದಾತಿನ್ ಎಂಬ ಚೀಟಿಯಿದ್ದ ಕುರ್ಚಿಯಲ್ಲಿ ಕೂರುತ್ತಿದ್ದರು. ಮಗ ಎಲ್ಲಿಗೆ ಕರೆದನೋ ಅಲ್ಲಿಗೆ ಹೋದ ತಾಯಿ ಅವರು. ಬಿರುದು ಹಿಂದಕ್ಕೆ ಹೋಗಿದೆ, ಚೀಟಿ ಜನರ ಅಭ್ಯಾಸವಷ್ಟೇ ಎಂದುಕೊಂಡು ಎರಡು ವರ್ಷ ಕೂತಿದ್ದರು.

“ನೂರನೇ ದಿನ ಕಲ್ಲು ನಿಲ್ಲಿಸಿದ. ಮೊದಲು ಕಂಡದ್ದೇ ಆ ಪದ,” ಎಂದರು ಮುದುಕಿ. “ತೆಗೆಸೋ ಅಂದೆ. ‘ಸತ್ತೋರಿಗೆ ಏನು ಗೊತ್ತಾಗುತ್ತಮ್ಮ’ ಅಂದ. ನನಗೆ ಗೊತ್ತಾಗುತ್ತಲ್ಲ!”

“ಸರ್, ದೂರು ವಾಪಸ್ ತಗೊಳ್ತೀನಿ,” ಎಂದ ಮಗ.

“ತಗೊಳ್ಳೋಕೆ ಬಿಡಬೇಡಪ್ಪಾ,” ಮುದುಕಿ ಎದ್ದು ನಿಂತರು. “ಕೇಸು ನಡೀಲಿ. ಜಡ್ಜ್ ಯಾಕೆ ಕೆತ್ತಿದೆ ಅಂತ ಕೇಳಬೇಕು. ಈ ಕಾಗದ ಕೋರ್ಟಲ್ಲಿ ಎಲ್ಲರ ಮುಂದೆ ಓದಬೇಕು. ಇನ್ಯಾವ ದಾರಿಲಿ ಇದನ್ನ ಅರಮನೆಗೆ ಮುಟ್ಟಿಸಲಿ?”

ಬಹ್ರೂಮ್ ಶಮ್ಸುರಿಯ ಕಡೆ ತಿರುಗಿ, “ದೂರು ಈಗ ನಿಮ್ಮದಲ್ಲ, ಸರ್ಕಾರದ್ದು. ಸುಳ್ಳು ಹೆಸರು ಹೇಳಿ ಒಬ್ಬನನ್ನ ಒಳಗೆ ಹಾಕಿಸಿದ್ದಕ್ಕೆ ಬೇರೆ ವಿಚಾರಣೆ ಇದೆ. ನಾಳೆ ಹತ್ತಕ್ಕೆ ಬನ್ನಿ,” ಎಂದರು.

ಸಂಜೆ ನಾಲ್ಕೂ ಐದಕ್ಕೆ ಕಲ್ಸೋಮಮ್ಮನ ಬಂಧನ ದಾಖಲಾಯಿತು. ಕೋಳ ಹಾಕಲಿಲ್ಲ. ಜೀಪಿನ ಎತ್ತರದ ಮೆಟ್ಟಿಲಿಗೆ ಸುರಿಯಾನಿ ತನ್ನ ಮೊಣಕಾಲು ಕೊಟ್ಟಳು.

ಠಾಣೆಯಲ್ಲಿ ಜಪ್ತಿ ಪಂಚನಾಮೆ ಬರೆದರು. ಒಂದು ಕುಟ್ಟಾಣಿ. ಎರಡು ಸುಣ್ಣದ ಡಬ್ಬಿ, ಖಾಲಿ. ಒಂದು ಪೆಟ್ಟಿಗೆ. ಒಂದು ಲಕೋಟೆ. ಲಕೋಟೆಯನ್ನು ಪಂಚರ ಎದುರು ಒಡೆದು, ಪದ ಬಿಡದೆ ನಕಲು ಮಾಡಲು ಬಹ್ರೂಮ್ ಹೇಳಿದರು. ಇನ್ನೊಂದು ನಕಲು ಅರಮನೆಯ ಕಾರ್ಯದರ್ಶಿಗೆ, ಠಾಣೆಯ ಮೊಹರಿನೊಂದಿಗೆ, ಸ್ವೀಕೃತಿ ಸಹಿ ಪಡೆದು.

ಕಾಗದ ಚಿಕ್ಕದು: “ಸುಲ್ತಾನರ ಪ್ರೀತಿಗೆ ತಲೆಬಾಗುತ್ತೇನೆ. ಆದರೆ ಏಳು ಮಕ್ಕಳ ಮೇಲೆ ಗುಡ್ಡ ಬೀಳಿಸಿದವರ ಹೆಸರಿರುವ ಪಟ್ಟಿಯಲ್ಲಿ ನನ್ನ ಹೆಸರು ಇರಲಾರದು. ನಕ್ಷತ್ರ, ರೇಷ್ಮೆ ಪಟ್ಟಿ, ಸನ್ನದು ಇದರೊಂದಿಗಿವೆ. ನನ್ನನ್ನು ಮೇಷ್ಟ್ರು ಎಂದರೆ ಸಾಕು.”

ಗುಮಾಸ್ತ ಬಂಧನ ಪತ್ರದಲ್ಲಿ ಅಭ್ಯಾಸಬಲದಿಂದ ‘ದಾತಿನ್ ಕಲ್ಸೋಮ್’ ಎಂದು ಟೈಪು ಹೊಡೆದಿದ್ದ. ಕಲ್ಸೋಮಮ್ಮ ಪೆನ್ನು ಕೇಳಿ ಮೊದಲ ಪದಕ್ಕೆ ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಜಾಮೀನಿಗೆ ಯಾರು ಎಂದಾಗ ಹೊರಗಿನ ಬೆಂಚಿನಿಂದ ಸೆಮಾನ್ ಎದ್ದು ಬಂದ. ಅವನು ಮನೆ ಸೇರಿರಲೇ ಇಲ್ಲ, ಸುದ್ದಿ ಕೇಳಿ ಸಂತೆಯಿಂದಲೇ ತಿರುಗಿ ಬಂದಿದ್ದ.

“ಒಂದು ಕೇಳಲಾ ಮಗಳೇ?” ಎಂದರು ಕಲ್ಸೋಮಮ್ಮ ಸುರಿಯಾನಿಗೆ. “ನನ್ನ ಕುಟ್ಟಾಣಿ ಸ್ವಲ್ಪ ಕೊಡ್ತೀಯಾ? ಬೆಳಗಿಂದ ಎಲೆ ಹಾಕಿಲ್ಲ.”

“ಅದು ಸಾಕ್ಷಿ ಅಜ್ಜಿ, ಮೊಹರಾಗಿದೆ.” ಸುರಿಯಾನಿ ಅತ್ತಿತ್ತ ನೋಡಿದಳು. ಆಮೇಲೆ ಗಂಟಿನಿಂದ ಎಲೆ ಅಡಿಕೆ ತೆಗೆದು ಟೀ ಲೋಟಕ್ಕೆ ಹಾಕಿ, ಠಾಣೆಯ ದೊಡ್ಡ ಮೊಹರಿನ ಮರದ ಹಿಡಿಯಿಂದ ಕುಟ್ಟತೊಡಗಿದಳು.

ಪಕ್ಕದ ಕೋಣೆಯಲ್ಲಿ ಬಹ್ರೂಮ್ ಕೇಸ್ ಡೈರಿಯಲ್ಲಿ ‘ಕೃತ್ಯದ ಉದ್ದೇಶ’ ಎಂಬ ಅಂಕಣಕ್ಕೆ ಬಂದಿದ್ದರು. ಅದರಲ್ಲಿ ಸಾಮಾನ್ಯವಾಗಿ ಹಗೆ, ಆಸೆ ಎಂದು ಒಂದು ಪದ ಬರೆಯುತ್ತಾರೆ. ಅವರು ಬರೆದರು: “ಗಂಡ ಬರೆದ ಕಾಗದ ಎರಡು ವರ್ಷ ತಡವಾಗಿತ್ತು. ಅದನ್ನು ಮುಟ್ಟಿಸಲು.”