ಎಪ್ಪತ್ತೆಂಟು ವರ್ಷದ ಕಾವಲು

ಚೆನ್ನವ್ವ ಲಿಂಗೈಕ್ಯಳಾದ ಸುದ್ದಿ ಗದಗಿನ ಚಿಕಿತ್ಸಾ ಕೇಂದ್ರಕ್ಕೆ ಬಂದಾಗ, ನೀಲವ್ವನ ತೋಳಿನ ರಕ್ತ ಕೋಶಶೋಧಕ ಯಂತ್ರದೊಳಗೆ ಹರಿದು ಮರಳಿ ಬರುತ್ತಿತ್ತು.

ಡಾಕ್ಟರ್ ಶಾಂತಲಾ ಹೊಂಬಳ ಹತ್ತಿರ ಬಂದು ಮುದುಕಿಯ ಕೈ ಹಿಡಿದರು.

"ಸಮಾಧಾನ ಮಾಡ್ಕೋರಿ ಅಜ್ಜಿ. ನಿಮ್ಮ ತಾಯಿಯವರು ಹೋದ್ರಂತ."

"ನಮ್ಮವ್ವ ನಾ ಹುಟ್ಟಿದ ಒಂಬತ್ತನೇ ದಿನಕ್ಕ ಹೋದ್ಲು. ಎಪ್ಪತ್ತೆಂಟು ವರ್ಷ ತಡಾ ಮಾಡಿ ಹೇಳಾಕ ಬಂದೀಯೇನು, ಮಗಳ?"

"ಚೆನ್ನವ್ವ ನಿಮ್ಮ ತಾಯಿ ಅಲ್ಲೇನ್ರಿ? ಯಂತ್ರ ಹಂಗ ಬರಕೊಂಡೈತಿ."

ನೀಲವ್ವನ ಮುಖ ಬಿಗಿಯಿತು. ಚೆನ್ನವ್ವ ಅವಳ ತವರಿನ ಪಕ್ಕದ ಮನೆಯವಳು. ನೀಲವ್ವನಿಗೆ ಹದಿನೆಂಟು ತುಂಬಿದಾಗ ಚೆನ್ನವ್ವನ ಮಗ ಗುರುಶಿದ್ದಪ್ಪನೊಡನೆ ಮದುವೆಯ ಮಾತು ನಡೆದಿತ್ತು. ಅವಳನ್ನು ಸಾಕಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು; ಉಳಿದವರೆಲ್ಲರೂ ಒಪ್ಪಿದ್ದರು. ಚೆನ್ನವ್ವ ಮಾತ್ರ ಬೇಡವೆಂದಳು, ಕಾರಣ ಹೇಳಲಿಲ್ಲ. ನೀಲವ್ವ ಅದೇ ಓಣಿಯ ಬೇರೆ ಮನೆಗೆ ಸೊಸೆಯಾಗಿ ಹೋದಳು. ಅಂದಿನಿಂದ ಚೆನ್ನವ್ವನೊಡನೆ ಒಂದು ಮಾತೂ ಆಡಿರಲಿಲ್ಲ.

"ಆಕಿ ನನ್ನ ತಾಯಿ? ನಿಮ್ಮ ಯಂತ್ರಕ್ಕ ಅರಳುಮರಳು. ಮೊದಲ ಅದಕ್ಕ ಔಷಧ ಕೊಡ್ರಿ."

ಡಾಕ್ಟರು ಕುರ್ಚಿ ಎಳೆದು ಕುಳಿತು ವಿವರಿಸಿದರು. ಕೆಲವು ವೈರಾಣುಗಳು ಒಮ್ಮೆ ಮೈಹೊಕ್ಕರೆ ಸಾಯುವವರೆಗೂ ಬಿಟ್ಟು ಹೋಗುವುದಿಲ್ಲ. ಅಡಗಿ ಕುಳಿತ ಅವುಗಳ ಮೇಲೆ ದೇಹವು ಕಾವಲುಕೋಶಗಳನ್ನು ಇಡುತ್ತದೆ. ವಯಸ್ಸಾದಂತೆ ಆ ಕಾವಲು ಬೆಳೆಯುತ್ತಲೇ ಹೋಗುತ್ತದೆ. ನೀಲವ್ವನ ದೇಹದಲ್ಲಿ ಅರ್ಧ ಪಡೆ ಒಂದೇ ಹಳೆಯ ಕಳ್ಳನ ಬಾಗಿಲಲ್ಲಿ ನಿಂತಿತ್ತು. ಹೊಸ ಜ್ವರ ಬಂದರೆ ಎದುರಿಸಲು ಆಳಿರಲಿಲ್ಲ. ಶೋಧಕವು ಹೆಚ್ಚಿನ ಕಾವಲನ್ನು ಸೋಸಿ ತೆಗೆದು, ವೈರಾಣುವಿನ ಸದ್ದಡಗಿಸುತ್ತದೆ. ಅದಕ್ಕೂ ಮೊದಲು ಅದರ ವಂಶ ಓದುತ್ತದೆ. ಈ ವೈರಾಣು ಕೂಸಿಗೆ ಬರುವುದು ಹೆಚ್ಚಾಗಿ ಎದೆಹಾಲಿನಿಂದ. ಆದ್ದರಿಂದ ಅದೇ ವಂಶದ ವೈರಾಣು ಹಿರಿಯ ಹೆಂಗಸಿನಲ್ಲಿ ಕಂಡರೆ ಯಂತ್ರವು ಅವಳನ್ನು ತಾಯಿಯೆಂದು ಬರೆಯುತ್ತದೆ. ಎರಡು ವರ್ಷದ ಹಿಂದೆ ಚೆನ್ನವ್ವನೂ ಇಲ್ಲಿಯೇ ಚಿಕಿತ್ಸೆ ಪಡೆದಿದ್ದಳು.

"ಒಂದ ಓಣಿ. ಗಾಳಿಗೆ ಅಂಟಿರಬೇಕು."

"ಇದು ಗಾಳಿಗೆ ಬರೂದಲ್ಲ ಅಜ್ಜಿ. ನಿಮಗ ಹಾಲು ಕೊಟ್ಟವರು ಯಾರು?"

"ಆಡಿನ ಹಾಲು ಅಂತಿದ್ಲು ನನ್ನ ಸಾಕಿದ ಆಯಿ. ಮನ್ಯಾಗ ಆಡು ಇದ್ದದ್ದು..." ನೀಲವ್ವ ತಡೆದಳು. ಅವರ ಮನೆಯಲ್ಲಿ ಎಂದೂ ಆಡು ಇದ್ದ ನೆನಪು ಯಾರಿಗೂ ಇರಲಿಲ್ಲ.

ಆ ಓಣಿಯಲ್ಲಿ ಒಂದು ರೂಢಿಯಿತ್ತು. ಪರರ ಕೂಸಿಗೆ ಹಾಲೂಡಿದವಳು ಅದನ್ನು ಹೊರಗೆ ಆಡಬಾರದು. ಆಡಿದರೆ ಎದೆಹಾಲಿಗೆ ದೃಷ್ಟಿ ತಾಗುತ್ತದೆಂದು ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ಒಂದೇ ಎದೆಯ ಹಾಲು ಕುಡಿದವರು ಅಣ್ಣತಂಗಿಯರು. ಅವರಿಗೆ ಮದುವೆ ಸಲ್ಲದು.

ಚೆನ್ನವ್ವ ಅಂದು ಬೇಡವೆಂದ ಕಾರಣ ಈಗ ತಿಳಿದು ನೀಲವ್ವ ಕಣ್ಣೊರೆಸಿಕೊಂಡಳು. ಡಾಕ್ಟರು ಮೆಲ್ಲನೆ ಕೇಳಿದರು: "ಯಂತ್ರ ನಿಲ್ಲಸಲೇನ್ರಿ? ಆ ವೈರಾಣು ನಿಮಗ ಅವರು ಬಿಟ್ಟ ಗುರುತು."

"ಹುಚ್ಚಿ! ಆಕಿ ಹಾಲು ಕೊಟ್ಟದ್ದು ನಾ ಬದುಕಲಿ ಅಂತ. ಸೋಸಿ ತೆಗೀರಿ. ಆದ್ರ ಮೂರು ದಿನ ತಡೀರಿ. ಆಕಿ ಮಣ್ಣಿಗೆ ಹೋಗಬೇಕು, ಮೂರನೇ ದಿನ ಸಮಾಧಿಗೆ ಹಾಲು ಹಾಕಬೇಕು."

ಮೂರನೆಯ ದಿನ ಬೆಳಿಗ್ಗೆ ಸಮಾಧಿಯ ಬಳಿ ಗುರುಶಿದ್ದಪ್ಪ ಹಾಲಿನ ತಂಬಿಗೆ ಹಿಡಿದು ನಿಂತಿದ್ದ. ನೀಲವ್ವ ಕೋಲೂರಿಕೊಂಡು ಬಂದು ಎಲ್ಲವನ್ನೂ ಹೇಳಿದಳು. ಆ ಮುದುಕ ಕೇಳಿಸಿಕೊಂಡು, ತಂಬಿಗೆಯನ್ನು ಅವಳತ್ತ ಚಾಚಿದ.

"ಹಂಗಾರ ಮೊದಲು ನೀ ಹಾಕು, ತಂಗಿ."

ಅವಳು ಹಸಿ ಮಣ್ಣಿನ ಮೇಲೆ ಹಾಲೆರೆದು ಕೈಮುಗಿದಳು.

"ಶಿವನೇ, ಕೊಟ್ಟ ಮಾತು ಕಾಯಲು ನನ್ನ ಸಿಟ್ಟನ್ನು ಅರವತ್ತು ವರ್ಷ ಹೊತ್ತವಳು ಇವಳು. ಆ ಭಾರ ಇಳಿಸು. ನಮ್ಮವ್ವನಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು."